ಚನ್ನವೀರನ ಸದ್ದು ಒಪ್ಪಿಸಿದ್ದು

ನನ್ನ ತಮ್ಮ ಚನ್ನವೀರ ತೀರಿಕೊಂಡದ್ದು ನನಗೆ ತಿಳಿದದ್ದು ಒಂದು ಸಿನಿಮಾ ಹಾಡಿನಿಂದ. ಊರಿನವರು ಅದನ್ನು ಕಿಟಕಿ ಹಾಡು ಎನ್ನುತ್ತಾರೆ. ಮದುವೆ, ಸೀಮಂತ, ಗಣಪತಿ ಕಳಿಸುವುದು, ಏನೇ ಇರಲಿ ಅದು ಬೇಕೇ ಬೇಕು. ನಮ್ಮ ಮನೆಯ ಎದುರಿಗೆ ಮೌಲಾಲಿಯ ಕ್ಯಾಸೆಟ್ ಅಂಗಡಿ. ಅವನು ಬಾಗಿಲು ತೆರೆದ ಕೂಡಲೇ ಅದೇ ಹಾಡು ಹಾಕುತ್ತಾನೆಂದು ನಾನು ಕಿವಿಗೆ ಅರಳೆ ಇಟ್ಟುಕೊಂಡೇ ಲಿಂಗಪೂಜೆಗೆ ಕೂಡುತ್ತಿದ್ದೆ. ಆ ಹಾಡಿನಲ್ಲಿ ನನ್ನ ತಮ್ಮನೇ ಸಿಂಥಸೈಜರ್ ನುಡಿಸಿದ್ದಾನೆ, ಅದರಲ್ಲಿ ಬರುವ ಒಂದು ವಿಚಿತ್ರ ಸದ್ದು ಅವನದೇ ಕೈವಾಡ ಎಂದು ಎಲ್ಲರೂ ಹೇಳುತ್ತಿದ್ದರು. ಹೇಳಿದರೇನು, ನನಗೆ ಆ ಗದ್ದಲ ಬೇಕಾಗಿರಲಿಲ್ಲ.

ಅವತ್ತು ಪೂಜೆ ಮುಗಿಸಿ ಅರಳೆ ತೆಗೆದು ಹೊರಗೆ ಬಂದರೆ ಬೀದಿಯಲ್ಲಿ ಜನ ನಿಂತಲ್ಲೇ ನಿಂತಿದ್ದರು. ಬ್ಯಾಂಡಿನ ದ್ಯಾಮಣ್ಣ ಚಹದ ಬಸಿಯನ್ನು ತುಟಿಯ ಹತ್ತಿರ ಹಿಡಿದವನು ಹಾಗೇ ಹಿಡಿದಿದ್ದ. ಅಂಗಡಿಯಲ್ಲಿ ಹಾಡು ನಡೆದಿತ್ತು. ನಡುವೆ ಒಂದು ಕಡೆ ಬಂದು ಅದು ಬರಿದಾಯಿತು, ಮತ್ತೆ ಮುಂದುವರಿಯಿತು. ಮೌಲಾಲಿ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ. ಅದೇ ಜಾಗದಲ್ಲಿ ಮತ್ತೆ ಬರಿದು. ಹೊಸ ಕ್ಯಾಸೆಟ್ಟಿನ ಕಾಗದ ಹರಿದು ಹಾಕಿದ, ಅದರಲ್ಲೂ ಹಾಗೇ. ಆಮೇಲೆ ಅವನು ಟೊಪ್ಪಿಗೆ ತೆಗೆದು, ರಸ್ತೆ ದಾಟಿ, ಚಪ್ಪಲಿ ಕೆಳಗೆ ಬಿಟ್ಟು ನಮ್ಮ ಹೊಸ್ತಿಲ ಮುಂದೆ ನಿಂತ. "ನೀಲಕ್ಕಾರ," ಎಂದ, "ಚನ್ನೂನ ಸದ್ದು ಹೋತ್ರಿ." ನಮ್ಮೂರಿನಲ್ಲಿ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಅವನು ಕೆಲಸ ಮಾಡುತ್ತಿದ್ದ ಪಟ್ಟಣದ ಸ್ಟುಡಿಯೋದಿಂದ ಫೋನು ಬಂದದ್ದು ಮಧ್ಯಾಹ್ನ. ಕುರ್ಚಿಯಲ್ಲಿ ಕುಳಿತವನು ಕುಳಿತ ಹಾಗೇ ಹೋಗಿದ್ದನಂತೆ.

ನಮ್ಮೂರಿನಲ್ಲಿ ಮನುಷ್ಯ ಹೋದರೆ ಅವನು ಕೈಯಾರೆ ಮಾಡಿದ ಸದ್ದೂ ಅವನ ಜೊತೆ ಹೋಗುತ್ತದೆ. ಕಂಚುಗಾರ ಹೋದಾಗ ಯಾರ ಅಡುಗೆಮನೆಯಲ್ಲೂ ತಟ್ಟೆ ಗಣಗಣ ಎನ್ನಲಿಲ್ಲ. ತಟ್ಟೆಯ ಮೇಲೆ ತಟ್ಟೆ ಇಟ್ಟರೂ ಅರಳೆಯ ಮೇಲೆ ಅರಳೆ ಇಟ್ಟ ಹಾಗಿತ್ತು. ಬಡಿಗೇರ ಮೌನೇಶಪ್ಪ ಹೋದಾಗ ಅವನು ಕೂಡಿಸಿದ ಬಾಗಿಲುಗಳೆಲ್ಲ ಸದ್ದಿಲ್ಲದೆ ತೆರೆಯತೊಡಗಿ ಕಳ್ಳರಿಗೆ ಸುಗ್ಗಿಯಾಯಿತು. ಹೋದವನು ಆ ಸದ್ದನ್ನು ಎಲ್ಲಿಂದ ತಂದಿದ್ದನೋ ಅಲ್ಲಿಗೆ ಮನೆಯವರು ಹೋಗಬೇಕು. ನೀರೆರೆದು, ವಿಭೂತಿ ಹಚ್ಚಿ, "ನಿನ್ನಿಂದ ತಂದದ್ದು ನಿನಗೆ ಒಪ್ಪಿಸಿದೆ" ಎನ್ನಬೇಕು. ಆಗ ತಟ್ಟೆಗೆ ದನಿ ಬರುತ್ತದೆ, ಬಾಗಿಲು ಮತ್ತೆ ಕಿರುಗುಟ್ಟುತ್ತದೆ, ಹೋದವನಿಗೆ ದಾರಿ ಸಿಗುತ್ತದೆ. ಒಪ್ಪಿಸುವವರೆಗೆ ಅವನು ಆ ಬರಿದಾದ ಜಾಗದಲ್ಲೇ ನಿಂತಿರುತ್ತಾನೆ. ಮನೆಯವರೂ ಅಷ್ಟರವರೆಗೆ ಊರ ಗಡಿ ದಾಟುವ ಹಾಗಿಲ್ಲ. ಹಿರಿಯರು ಹೀಗೆ ಹೇಳಿದ್ದಾರೆ, ನಾನು ನಂಬಿದ್ದೇನೆ.

ಸ್ಟುಡಿಯೋದ ಡಿಕಾಸ್ಟ ಎಂಬವರು ವ್ಯಾನಿನಲ್ಲಿ ದೇಹವನ್ನು ತಂದುಕೊಟ್ಟು ಹೋದರು. ಅಪ್ಪನ ಸಮಾಧಿಯ ಪಕ್ಕದಲ್ಲಿ ತಮ್ಮನನ್ನು ಕೂಡಿಸಿ ಮಣ್ಣು ಕೊಟ್ಟೆವು. ಆದರೆ ಮಣ್ಣು ಕೊಟ್ಟರೆ ಮುಗಿಯಲಿಲ್ಲವಲ್ಲ. ಎಲ್ಲರೂ ತಮ್ಮ ಸದ್ದಿನ ಮೂಲವನ್ನು ಹೆಂಡತಿಗೋ ಮಗನಿಗೋ ಹೇಳಿ ಹೋಗುತ್ತಾರೆ. ನನ್ನ ತಮ್ಮ ಮದುವೆಯಾಗಲಿಲ್ಲ. ಅವನಿಗೆ ಇದ್ದವಳು ನಾನೊಬ್ಬಳು, ನನಗೂ ಹೇಳಲಿಲ್ಲ. ಬದುಕಿದ್ದಾಗ ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದನಂತೆ. ನಗಲಿಕ್ಕೇನು, ಹುಡುಕಿಕೊಂಡು ಅಲೆಯುವವಳು ನಾನು ತಾನೆ.

ಇನ್ನೂ ಒಂದು ಪೇಚಿತ್ತು. ಊರಿಗೆಲ್ಲ ಆ ಸದ್ದು ಬಾಯಿಪಾಠ, ನಾನೊಬ್ಬಳು ಅದನ್ನು ಒಮ್ಮೆಯೂ ಕಿವಿಗೊಟ್ಟು ಕೇಳಿದವಳಲ್ಲ. ಈಗ ಕೇಳೋಣವೆಂದರೆ ಅದು ಇಲ್ಲ. ಆದ್ದರಿಂದ ಜನರ ಬಾಯಿಯಿಂದಲೇ ತಿಳಿಯಬೇಕಾಯಿತು. ದ್ಯಾಮಣ್ಣ ಕ್ಲಾರಿನೆಟ್ ಊದುವವನು, ಸದ್ದಿನ ವಿಷಯದಲ್ಲಿ ತನ್ನದೇ ಕೊನೆಯ ಮಾತು ಎಂದು ತಿಳಿದವನು. ನಮ್ಮ ಪಡಸಾಲೆಯಲ್ಲಿ ಕುಳಿತು, ಗಂಟಲು ಸರಿಮಾಡಿಕೊಂಡು, "ಠ್ವಂಯ್ ಅಂತ ಬರ್ತಿತ್ತ್ರಿ ನೀಲಕ್ಕಾರ. ಸೋಡಾ ಬಾಟ್ಲಿಯೊಳಗ ಗೋಲಿ ಬಿದ್ದಂಗ," ಎಂದ. ಮೌಲಾಲಿಗೆ ತಡೆಯಲಾಗಲಿಲ್ಲ. "ಯಾವ ಠ್ವಂಯ್ ಹಚ್ಚಿ ಮಾರಾಯಾ? ದಿನಾ ಹಾಕಾಂವ ನಾನು. ಡುಬ್ಬೂಪ್ ಅಂತಿತ್ತು. ಹಿಟ್ಟಿನ ಗಿರಣಿ ಬೆಲ್ಟ್ ಕಳಚಿದಂಗ." "ನಿನ್ನ ಅಂಗಡಿ ಸ್ಪೀಕರ್ ಒಡದೈತಿ, ಅದಕ್ಕ ಹಂಗ ಕೇಳಸ್ತದ." "ಒಡದಿದ್ದು ನಿನ್ನ ಕಿವಿ." ಸತ್ತ ಮನೆಯಲ್ಲಿ ಕುಳಿತು ಇಬ್ಬರೂ ಠ್ವಂಯ್, ಡುಬ್ಬೂಪ್ ಎಂದು ಒಬ್ಬರ ಮುಖಕ್ಕೆ ಒಬ್ಬರು ಬಾಯಿ ಮಾಡಿದರು. ನಾನು ಎದ್ದು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕುಳಿತೆ.

ಆದರೂ ಹೋಗದೆ ಗತಿಯಿರಲಿಲ್ಲ. ದ್ಯಾಮಣ್ಣನ ಜೊತೆ ಸೋಡಾ ಮಾಡುವವನ ಮನೆಗೆ ಹೋಗಿ ಅವನ ಯಂತ್ರಕ್ಕೆ ನೀರೆರೆದು ವಿಭೂತಿ ಹಚ್ಚಿ ಬಂದೆ. ಮೌಲಾಲಿ ಹಾಡು ಹಾಕಿದ. ಬರಿದು ಹಾಗೇ ಇತ್ತು. ಗಿರಣಿಗೆ ಹೋದೆ, ಸೀರೆಯೆಲ್ಲ ಹಿಟ್ಟಾಯಿತೇ ಹೊರತು ಸದ್ದು ಬರಲಿಲ್ಲ. ಆಮೇಲೆ ಯಾರೋ ಅದು ಎಮ್ಮೆ ಕೆಸರಿನಿಂದ ಕಾಲು ಕಿತ್ತ ಸದ್ದು ಎಂದರು. ಚನ್ನವೀರ ಊರಿಗೆ ಬಂದಾಗ ಹಳ್ಳದ ಕಡೆಗೆ ತಿರುಗಾಡಲು ಹೋಗುತ್ತಿದ್ದದ್ದು ನಿಜ. ಹಳ್ಳದ ದಂಡೆಯ ತಿಪ್ಪವ್ವನ ಎಮ್ಮೆಗೆ ನಾನು, ಈ ವಯಸ್ಸಿನಲ್ಲಿ, ಹಣೆಗೆ ವಿಭೂತಿ ಹಚ್ಚಿದೆ. ಅದು ನನ್ನ ಸೆರಗು ನೆಕ್ಕಿತು. "ನಮ್ಮ ಎಮ್ಮಿ ಸಿನಿಮಾದಾಗ ಐತಿ ಅಂತ ನನಗ ಮೊದಲ ಗೊತ್ತಿತ್ರಿ ಅಕ್ಕಾರ," ಎಂದು ತಿಪ್ಪವ್ವ ಸೊಂಟಕ್ಕೆ ಕೈ ಕೊಟ್ಟು ಬೀಗಿದಳು. ಹಾಡು ಹಾಕಿದಾಗ ಬರಿದು ಬರಿದಾಗಿಯೇ ಉಳಿಯಿತು. "ಹಂಗಾದ್ರ ನಿಮ್ಮ ತಮ್ಮಗ ಕಿವಿ ಇದ್ದಿಲ್ಲ ಬಿಡ್ರಿ," ಎಂದು ಎಮ್ಮೆಯನ್ನು ಹೊಡೆದುಕೊಂಡು ಹೋದಳು.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಅಷ್ಟರಲ್ಲಿ ಮದುವೆಯ ದಿನಗಳು ಬಂದವು. ಮೊದಮೊದಲು ಹಾಡಿನಲ್ಲಿ ಆ ಜಾಗ ಬಂದಾಗ ಕುಣಿಯುವವರು ಎತ್ತಿದ ಕಾಲನ್ನು ಎತ್ತಿಯೇ ನಿಲ್ಲುತ್ತಿದ್ದರು. ಆಮೇಲೆ ಯಾವನೋ ಪುಣ್ಯಾತ್ಮ ಆ ಬರಿದಿನಲ್ಲಿ "ಹೋಯ್" ಎಂದು ಕೂಗಿದ. ಅದು ಹಿಡಿದುಬಿಟ್ಟಿತು. ಮುಂದಿನ ಮದುವೆಯಲ್ಲಿ ಬೀಗರೆಲ್ಲ ಸೇರಿ ಹೋಯ್ ಎಂದರು. ಶಾಲೆಯ ಮಕ್ಕಳು ಹೋಯ್ ಎಂದರು. ನಾನು ಗಾಬರಿಯಾಗಿ ಮಠಕ್ಕೆ ಹೋದೆ. ಮಠದ ಅಜ್ಜಾರು ವಯಸ್ಸಾದವರು, ಮಾತು ಕಡಿಮೆ. ಎಲ್ಲ ಕೇಳಿಸಿಕೊಂಡು, "ಲಗು ಮಾಡವ್ವ ನೀಲಮ್ಮ. ಬರಿದಾದ ಜಾಗಾ ಮತ್ತೊಂದು ಸದ್ದಿನಿಂದ ತುಂಬಿಹೋದ್ರ, ನೀ ಒಪ್ಪಿಸಿದರೂ ಅವನ ಸದ್ದು ಬಂದು ಕೂಡಲಿಕ್ಕೆ ಠಾವು ಇರೂದಿಲ್ಲ. ಅವಾ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಆಗಿ ಉಳೀತಾನ," ಎಂದರು. ಮನೆಗೆ ಬರುವ ದಾರಿಯಲ್ಲಿ ಹಾಲಿನವನು ಸೈಕಲ್ಲಿನ ಮೇಲೆ ಆ ಹಾಡು ಗುನುಗುತ್ತ ಹೋಯ್ ಎಂದ. ಅವನ ಕ್ಯಾನು ಉರುಳಿಸಬೇಕೆನಿಸಿತು. ಶಿವ ಶಿವಾ ಎಂದು ಹಲ್ಲು ಕಚ್ಚಿಕೊಂಡು ಬಂದೆ.

ಆ ಸಂಜೆಯೇ ಡಿಕಾಸ್ಟರಿಗೆ ಫೋನು ಮಾಡಿಸಿದೆ. ಅವರು ನನ್ನ ತಮ್ಮನ ಸಿಂಥಸೈಜರ್ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದರು. ಎತ್ತರದ ಮನುಷ್ಯ, ಕೊರಳಲ್ಲಿ ಶಿಲುಬೆ, ಕರಾವಳಿಯ ಕಡೆಯ ಮಾತು. ಚನ್ನವೀರ ನುಡಿಸಿದ್ದನ್ನೆಲ್ಲ ರೆಕಾರ್ಡ್ ಮಾಡಿದವರು ಇವರೇ. ಹೊಸ್ತಿಲಲ್ಲಿ ನಿಂತು ಅತ್ತರು, ಆಮೇಲೆ ಮುಖ ತೊಳೆದು ಹೊಟ್ಟೆ ತುಂಬ ರೊಟ್ಟಿ ಉಂಡರು. ಅತ್ತು ಉಣ್ಣುವವರನ್ನು ಕಂಡರೆ ನನಗೆ ನಂಬಿಕೆ. ಪೆಟ್ಟಿಗೆ ಬಂದ ಸುದ್ದಿ ಹಬ್ಬಿ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಡಿಕಾಸ್ಟ ತಂತಿ ಜೋಡಿಸಿ, ಹಾರ್ಮೋನಿಯಂನಲ್ಲಿ ಇರುವಂಥ ಅದರ ಮನೆಗಳನ್ನು ಒತ್ತಿದರೆ ಪಿಟೀಲು ಬಂತು, ತಬಲ ಬಂತು, ರೈಲಿನ ಸೀಟಿ ಬಂತು. ಜನ ಓಹೋ ಎಂದರು. ಚನ್ನವೀರನ ಆ ಸದ್ದು ಇರಬೇಕಾದ ಕಡೆ ಒತ್ತಿದರು. ಬರೀ ಮನೆ ಒತ್ತಿದ ಟಕ್ ಎಂಬುದಷ್ಟೇ ಕೇಳಿತು.

"ಅಮ್ಮಾ, ಇವರೆಲ್ಲ ಆ ಸದ್ದನ್ನು ಹೋಲುವ ವಸ್ತು ಹುಡುಕಿದ್ದೇ ತಪ್ಪು," ಎಂದರು ಡಿಕಾಸ್ಟ. "ಅವನು ಏನೋ ಒಂದು ಸಣ್ಣ ಸದ್ದನ್ನು ಟೇಪಿನಲ್ಲಿ ಹಿಡಿದು ತಂದು ಇದರೊಳಗೆ ಹಾಕುತ್ತಿದ್ದ. ಎಳೆಯುತ್ತಿದ್ದ, ತಗ್ಗಿಸುತ್ತಿದ್ದ, ತಿರುವಿಮುರುವಿ ಮಾಡುತ್ತಿದ್ದ. ಮೂಲದಲ್ಲಿ ಉಗುರಿನಷ್ಟು ಇದ್ದದ್ದು ಹಾಡಿನಲ್ಲಿ ಮೈದಾನದಷ್ಟು ಆಗುತ್ತಿತ್ತು." ದ್ಯಾಮಣ್ಣ ಕೇಳಿದ, "ಅಂದ್ರ ಎಮ್ಮಿ ಅಲ್ಲೇನ್ರಿ?" "ಎಮ್ಮೆಯನ್ನು ಇದಕ್ಕೆ ಹಾಕಿದ್ದರೆ ಗುಡ್ಡ ಕುಸಿದ ಹಾಗೆ ಕೇಳುತ್ತಿತ್ತು, ಮಾರಾಯರೇ." ತಿಪ್ಪವ್ವ ಹಿಂದಿನಿಂದ, "ಕುಸೀಲೇಳ್ರಿ, ನಮ್ಮ ಎಮ್ಮಿಗೇನು ಕಡಿಮಿ," ಎಂದಳು.

ಆ ಹಾಡಿಗಾಗಿ ಚನ್ನವೀರ ಪೆಟ್ಟಿಗೆಯ ಮೇಲಿನ ತಿರುಗುವ ಗುಂಡಿಗಳನ್ನು ಹೇಗೆ ಇಟ್ಟಿದ್ದನೋ ಹಾಗೆಯೇ ಇಡುವುದು ಡಿಕಾಸ್ಟರಿಗೆ ಗೊತ್ತಿತ್ತು. ಪೆಟ್ಟಿಗೆಗೆ ಜೋಡಿಸಿದ ಮೈಕಿನ ಮುಂದೆ ಮೌಲಾಲಿ ಚಿಟಿಕೆ ಹೊಡೆದ. ಡಿಕಾಸ್ಟ ಮನೆ ಒತ್ತಿದರು. ಗೋದಾಮಿನ ಕಬ್ಬಿಣದ ಬಾಗಿಲು ದೂರದಲ್ಲೆಲ್ಲೋ ಮುಚ್ಚಿದ ಹಾಗೆ ಆಯಿತು. ಡಿಕಾಸ್ಟ ಕಣ್ಣು ಮುಚ್ಚಿ ಆಲಿಸಿ, "ಇದಲ್ಲ, ಹತ್ತಿರವೂ ಇಲ್ಲ," ಎಂದರು. ಒಂದೊಂದೇ ಸದ್ದನ್ನು ಹಾಕಿ, ತಮ್ಮ ನೆನಪಿನ ಜೊತೆ ಹೋಲಿಸಿ ನೋಡುವುದು ಅವರ ಲೆಕ್ಕಾಚಾರ. ಆಗ ನನಗೆ ಹೊಳೆಯಿತು. ಅವರು ಹೊರಗಿನವರು, ನಮ್ಮೂರಿನ ರೀತಿ ಅವರಿಗೆ ತಿಳಿಯದು. ನಾನು ಹೇಳಿದೆ, "ಡಿಕಾಸ್ಟಾ, ನೀವು ಹೋಲುವುದನ್ನು ಹುಡುಕಬೇಡಿ. ಇಲ್ಲಿ ಅವನ ಸದ್ದು ಕೇಳುವುದೇ ಇಲ್ಲವಲ್ಲ. ಸುಳ್ಳು ಸದ್ದು ಹಾಕಿದರೆ ಪೆಟ್ಟಿಗೆ ಕೂಗುತ್ತದೆ. ಸರಿಯಾದದ್ದು ಒಳಗೆ ಹೋದರೆ ಪೆಟ್ಟಿಗೆ ಬಾಯಿ ಬಿಡುವುದಿಲ್ಲ. ಬಾರದೆ ಇರುವುದನ್ನು ಹುಡುಕಿ." ಡಿಕಾಸ್ಟ ನನ್ನ ಮುಖ ನೋಡಿ, "ನಿಮ್ಮ ತಮ್ಮನೂ ಹೀಗೇ ಮಾತಾಡುತ್ತಿದ್ದ," ಎಂದರು.

ಇದು ಕಿವಿಗೆ ಬಿದ್ದದ್ದೇ ತಡ, ಊರಿಗೆ ಊರೇ ಕೈಗೆ ಸಿಕ್ಕ ಸಾಮಾನು ಹಿಡಿದು ಬಂತು. ಸೌಟು ಪಾತ್ರೆಗೆ ತಾಕಿಸಿದರು. ಮಸೀದಿಯ ಗುಮ್ಮಟ ಉರುಳಿದ ಹಾಗೆ ಕೇಳಿತು. ಚಿಲಕ ಹಾಕಿದರು, ಕಸಬರಿಗೆ ಆಡಿಸಿದರು, ಜೀರಿಗೆ ಒಗ್ಗರಣೆ ಹಾಕಿದರು. ಒಗ್ಗರಣೆ ಮಳೆಗಾಲದ ಸಮುದ್ರವಾಗಿ ಹೊರಬಂತು, ಜನ ಚಪ್ಪಾಳೆ ಹೊಡೆದರು. ಯಾರೋ ಬಾಗಿಲಲ್ಲಿ ಬಳೆ ಮಾರುವವಳನ್ನೇ ಕರೆತಂದು ನಿಲ್ಲಿಸಿದರು. ತಿಪ್ಪವ್ವ ಎಮ್ಮೆಯ ಕೊರಳ ಗಂಟೆ ಬಿಚ್ಚಿ ತಂದಿದ್ದಳು. ಪೆಟ್ಟಿಗೆ ಪ್ರತಿಯೊಂದಕ್ಕೂ ಅರಚಿತು, ಗುಡುಗಿತು, ಊಳಿಟ್ಟಿತು, ಒಮ್ಮೆಯೂ ಬಾಯಿ ಮುಚ್ಚಲಿಲ್ಲ. ಬರುಬರುತ್ತ ನನ್ನ ತಮ್ಮನ ಸಾವು ಯಾರಿಗೂ ನೆನಪಿರಲಿಲ್ಲ. ನನ್ನ ಮನೆ ತಮಾಷೆಯ ಮನೆಯಾಗಿತ್ತು. ದ್ಯಾಮಣ್ಣ ಕ್ಲಾರಿನೆಟ್ ತಂದು, "ನಂದೊಂದು ಹಾಕ್ರಿ ಸಾಹೇಬ್ರ, ಹೆಂಗ ಕೇಳಸ್ತದ ನೋಡೂಣು. ಚನ್ನೂನ ಸದ್ದು ಅಲ್ಲ ಅಂತ ಗೊತ್ತೈತಿ, ಸುಮ್ಮ ಹಾಕ್ರಿ," ಎಂದ.

ನನಗೆ ಸಾಕಾಗಿಹೋಯಿತು. ಮೈಕು ನನ್ನ ಮಗ್ಗುಲಲ್ಲೇ ಮಣೆಯ ಮೇಲಿತ್ತು. ಡಿಕಾಸ್ಟರ ಬೆರಳು ಮನೆ ಒತ್ತಿತು. ಎಲ್ಲರೂ ಗುಡುಗಿಗಾಗಿ ಕಾದರು. ಗುಡುಗು ಬರಲಿಲ್ಲ. ಡಿಕಾಸ್ಟ ತಂತಿ ಅಲ್ಲಾಡಿಸಿ ನೋಡಿದರು. ಮೌಲಾಲಿಗೆ ಇನ್ನೊಮ್ಮೆ ಚಿಟಿಕೆ ಹೊಡೆಯಲು ಹೇಳಿದರು. ಗೋದಾಮಿನ ಬಾಗಿಲು ಸರಿಯಾಗಿಯೇ ಮುಚ್ಚಿತು. ಆಗ ನನ್ನ ಕಡೆ ತಿರುಗಿ ಮೆಲ್ಲಗೆ, "ಅಮ್ಮಾ, ಇನ್ನೊಮ್ಮೆ ಮಾಡಿ," ಎಂದರು. "ಏನು ಮಾಡಲಿ?" "ಈಗ ಮಾಡಿದಿರಲ್ಲ, ಅದು." ನಾನು ಏನು ಮಾಡಿದ್ದೆನೆಂದು ನನಗೇ ತಿಳಿಯದು. ಮೌಲಾಲಿ ಹೇಳಿದ, "ಲೊಚಗುಟ್ಟಿದ್ರಲ್ರಿ ಅಕ್ಕಾರ. ದಿನಾ ನಮ್ಮ ಅಂಗಡಿ ನೋಡಿ ಲೊಚಗುಟ್ಟತೀರಲ್ಲ, ಹಂಗ."

ನಾನು ಲೊಚಗುಟ್ಟಲು ನೋಡಿದೆ. ಅಷ್ಟು ಜನ ಬಾಯಿಯನ್ನೇ ನೋಡುತ್ತಿರುವಾಗ ಮಾಡಿದ್ದಕ್ಕೆ ಪೆಟ್ಟಿಗೆ ಎತ್ತಿನ ಗಾಡಿ ಉರುಳಿದಂತೆ ಗಡಗಡ ಎಂದಿತು. ಮತ್ತೆ ಮಾಡಿದರೂ ಗಾಡಿಯೇ. ಮೌಲಾಲಿಯೂ ಒಮ್ಮೆ ಮಾಡಿ ನೋಡಿದ, ಏನೋ ಒಡೆದ ಸದ್ದಾಯಿತು. ದ್ಯಾಮಣ್ಣ ಆಗ ಮೀಸೆ ತಿರುವಿ, "ನೀಲಕ್ಕಾರದ ಇರಬೇಕು ಅಂತ ನನಗ ಮೊದಲ ಅನಿಸಿತ್ತ್ರಿ. ನಾ ಹೇಳಲಿಲ್ಲ ಅಷ್ಟ," ಎಂದ. ಸೋಡಾ ಮಷೀನಿಗೆ ನನ್ನನ್ನು ಕರೆದುಕೊಂಡು ಹೋದ ಮನುಷ್ಯ ಇವನೇ. ನನ್ನ ನಾಲಿಗೆ ತಾನಾಗಿಯೇ ಅಂಗುಳಕ್ಕೆ ತಾಗಿ ಲೊಚ್ ಎಂದಿತು. ಡಿಕಾಸ್ಟ ಒತ್ತಿದರು, ಒತ್ತಿಯೇ ಹಿಡಿದರು. ಪೆಟ್ಟಿಗೆಯಿಂದ ಏನೂ ಬರಲಿಲ್ಲ.

ಆಮೇಲೆ ತಿಪ್ಪವ್ವ ನಕ್ಕಳು. "ಇಷ್ಟು ವರ್ಷ ನಾವು ಕುಣದಿದ್ದು ನೀಲಕ್ಕಾರ ಬ್ಯಾಸರಕ್ಕೇನು?" ಎಂದಳು. ಎಲ್ಲರಿಗೂ ನಗೆ ಹಬ್ಬಿತು. ನನಗೆ ನಗು ಬರಲಿಲ್ಲ. ಚನ್ನವೀರ ಆ ಹಾಡಿಗೆ ಮುಂಚೆ ಊರಿಗೆ ಬಂದಾಗ ರೊಟ್ಟಿ ಬಡಿಯುವ ಕಲ್ಲಿನ ಪಕ್ಕದಲ್ಲಿ ಟೇಪು ಇಟ್ಟು, ಬ್ಯಾಟರಿ ನೋಡುತ್ತಿದ್ದೇನೆ ಎಂದಿದ್ದ. ಆ ಸಲ ಅವನು ಮಾಡಿದ್ದೆಲ್ಲ ಕಿತಾಪತಿಯೇ. ಸಕ್ಕರೆಯ ಡಬ್ಬಿಗೆ ಉಪ್ಪು ಸುರಿದ. ಕೇಳಿದ್ದನ್ನೇ ಹತ್ತು ಸಲ ಕೇಳಿದ. ಒಗೆದ ಬಟ್ಟೆ ಮೆಟ್ಟಿಕೊಂಡು ಓಡಾಡಿದ. ತಲೆ ನರೆತವನಿಗೆ ಮತ್ತೆ ಹುಡುಗಾಟಿಕೆ ಬಂತಲ್ಲ ಎಂದುಕೊಂಡಿದ್ದೆ. ಕಳ್ಳ, ಬೇಕಾದದ್ದನ್ನು ಹಿಡಿಯುತ್ತ ಕುಳಿತಿದ್ದ.

ಈಗ ಒಪ್ಪಿಸುವ ಪ್ರಶ್ನೆ ಬಂತು. ಮನೆಯವಳು ನಾನೊಬ್ಬಳೇ, ಸದ್ದಿನ ಮೂಲವೂ ನಾನೇ. ಮಠಕ್ಕೆ ಹೇಳಿಕಳಿಸಿದೆವು. ಅಜ್ಜಾರು ತಾವೇ ಬಂದರು. "ಕೊಡಾಕಿ ತೊಗೊಳ್ಳಾಕಿ ಒಬ್ಬಾಕಿನ ಆಗಬಾರದು. ಅವನ ಜೋಡಿ ದಿನಾ ಕೂತು ಉಂಡವರು ಯಾರರ ಒಪ್ಪಿಸಲಿ," ಎಂದರು. ಹಾಗೆ ಉಂಡವರು ಡಿಕಾಸ್ಟ ಒಬ್ಬರೇ. ಯಾರೋ ಅವರ ಕೊರಳಿನ ಶಿಲುಬೆಯ ಕಡೆ ನೋಡಿದರು. "ನಾ ಹೇಳಿದ್ದು ಉಂಡವರು ಅಂತ," ಎಂದರು ಅಜ್ಜಾರು, ಮಾತು ಅಲ್ಲಿಗೆ ಮುಗಿಯಿತು.

ನಾನು ಮಣೆಯ ಮೇಲೆ ಕುಳಿತೆ. ಸೋಡಾ ಯಂತ್ರ ಕುಳಿತ ಹಾಗೆ, ಎಮ್ಮೆ ನಿಂತ ಹಾಗೆ. ಡಿಕಾಸ್ಟ ವಿಭೂತಿ ಹಚ್ಚಿದ್ದು ಅರ್ಧ ಹಣೆಗೆ, ಅರ್ಧ ಕನ್ನಡಕಕ್ಕೆ. ಸುಮ್ಮನೆ ಸಹಿಸಿದೆ. ಬೊಗಸೆಯಲ್ಲಿ ನೀರು ಹಿಡಿದು, "ನಿಮ್ಮಿಂದ ತಂದದ್ದು ನಿಮಗೆ ಒಪ್ಪಿಸಿದೆ," ಎಂದರು. ಸೋಡಾ ಯಂತ್ರವಾಗಿದ್ದರೆ ಇಷ್ಟೇ ಸಾಕು. ಮನುಷ್ಯರಾದರೆ "ಒಪ್ಪಿಕೊಂಡೆ" ಎಂದು ಆ ನೀರು ಕುಡಿಯಬೇಕು. ನನ್ನ ಬಾಯಿಗೆ ಆ ಮಾತು ಬರಲಿಲ್ಲ.

ಇಷ್ಟು ದಿನ ನಾನು ಅಲೆದದ್ದು ಈ ಒಂದು ಮಾತಿಗಾಗಿ. ಆದರೆ ಎದುರಿನ ಅಂಗಡಿಯಲ್ಲಿ ಆ ಹಾಡು ಬಂದು ಬರಿದಾದಾಗಲೆಲ್ಲ, ಅಗೋ ಅಲ್ಲಿ ನಿಂತಿದ್ದಾನೆ, ಎಂದುಕೊಳ್ಳುತ್ತಿದ್ದೆ. ಮಣ್ಣು ಕೊಟ್ಟ ಮೇಲೂ ಭೂಮಿಯ ಮೇಲೆ ಅವನಿಗೆ ಅಷ್ಟಗಲದ ಜಾಗವಿತ್ತು. ಒಪ್ಪಿಕೊಂಡರೆ ಅದೂ ತುಂಬಿಹೋಗುತ್ತದೆ. ಅವನು ಹೊರಟುಹೋಗುತ್ತಾನೆ. ಡಿಕಾಸ್ಟರ ಬೊಗಸೆಯ ನೀರು ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು. ಅಜ್ಜಾರು ಅವಸರ ಮಾಡಲಿಲ್ಲ. ಅಂಗಡಿಯಲ್ಲಿ, ಪರೀಕ್ಷೆಗೆಂದು ಮೌಲಾಲಿ ಹಾಕಿಬಂದಿದ್ದ ಹಾಡು ನಡೆದಿತ್ತು. ಅದು ಆ ಜಾಗಕ್ಕೆ ಬಂತು. ಬಾಗಿಲ ಬಳಿ ನಿಂತಿದ್ದ ಜನರಲ್ಲಿ ಒಬ್ಬ, ಕೆಟ್ಟ ಮನಸ್ಸಿನಿಂದಲ್ಲ, ಬರೀ ರೂಢಿಯಿಂದ, ಹೋಯ್ ಎಂದ. ಎಂದವನೇ ನಾಲಿಗೆ ಕಚ್ಚಿಕೊಂಡ.

ನನ್ನ ತಮ್ಮ ನಿಂತ ಜಾಗ ಹೀಗೆ ಕಂಡಕಂಡವರು ಕೂಗುವ ಜಾಗವಾಗಬೇಕೇ. ಇವರ ಕೂಗಿನಲ್ಲಿ ಹೂತುಹೋಗುವುದಕ್ಕಿಂತ ಅವನು ಶಿವನ ಕಡೆ ಹೋಗಲಿ. ನಾನು ಡಿಕಾಸ್ಟರ ಕೈ ಹಿಡಿದು, "ಒಪ್ಪಿಕೊಂಡೆ," ಎಂದೆ. ಉಳಿದಿದ್ದ ನೀರು ಕುಡಿದೆ.

ಮೌಲಾಲಿ ಓಡಿಹೋಗಿ ಹಾಡನ್ನು ಮೊದಲಿನಿಂದ ಹಾಕಿದ. ನಾನು ಅದನ್ನು ಪೂರ್ತಿ ಕೇಳಿದ್ದು ಅದೇ ಮೊದಲು. ಬೀದಿಯಲ್ಲಿ ನಿಂತ ಒಬ್ಬ ಹುಡುಗ ಕಿಟಕಿಯಲ್ಲಿರುವ ಹುಡುಗಿಯನ್ನು ಹೊಗಳುತ್ತಾನೆ: ನಿನ್ನ ಕಣ್ಣು ಹಾಗೆ, ನಿನ್ನ ನಡಿಗೆ ಹೀಗೆ, ಇಳಿದು ಬಾ ಎನ್ನುತ್ತಾನೆ. ಅವಳಿಗೆ ಹಾಡಿನಲ್ಲಿ ಒಂದು ಮಾತೂ ಇಲ್ಲ. ಅವನ ಮಾತು ಮುಗಿದಾಗ ಆ ಸದ್ದು ಬಂತು. ಅದು ಠ್ವಂಯ್ ಅಲ್ಲ, ಡುಬ್ಬೂಪ್ ಅಲ್ಲ. ಆಳವಾದ ಬಾವಿಯೊಳಗೆ ಹನಿಯೊಂದು ಬಿದ್ದು, ಬಿದ್ದ ಮೇಲೆ ಮನಸ್ಸು ಬದಲಿಸಿ ಮೇಲಕ್ಕೆ ಬಂದ ಹಾಗಿತ್ತು. ಆ ಹುಡುಗಿಯ ಉತ್ತರ ಅದೇ ಎಂದು ನನಗೆ ಕೂಡಲೇ ತಿಳಿಯಿತು. ಅವಳಿಗೆ ಸಾಕಾಗಿದೆ, ಆದರೂ ಕಿಟಕಿ ಬಿಟ್ಟು ಹೋಗಿಲ್ಲ. ನನ್ನ ಬೇಸರದೊಳಗೆ ಅವನಿಗೆ ಇಷ್ಟೆಲ್ಲ ಕೇಳಿಸಿತ್ತು. ಹೊರಗೆ ಜನ ಕುಣಿದರು. ಡಿಕಾಸ್ಟ ಅಳುತ್ತಿದ್ದರು, ಅವರ ಪಾದ ಮಾತ್ರ ತಾಳ ಹಾಕುತ್ತಿತ್ತು. ಅಜ್ಜಾರು ನನ್ನ ತಲೆಯ ಮೇಲೆ ಕೈಯಿಟ್ಟು ಎದ್ದುಹೋದರು. ನಾನು ಆ ಗದ್ದಲದ ನಡುವೆಯೇ ಕಣ್ಣು ಮುಚ್ಚಿ ಕೈ ಮುಗಿದೆ.

ಶಿವನೇ, ನನ್ನ ತಮ್ಮ ಚನ್ನವೀರ ಈಗ ಹೊರಟಿದ್ದಾನೆ. ಬಂದಲ್ಲಿ ಸುಮ್ಮನೆ ಕೂಡುವ ಜೀವ ಅಲ್ಲ ಅದು. ನಿನ್ನ ಡಮರುಗವನ್ನು ತಿರುವಿ ನೋಡುತ್ತಾನೆ, ನಂದಿಯ ಕೊರಳ ಗಂಟೆ ಅಲ್ಲಾಡಿಸುತ್ತಾನೆ, ನಿನ್ನ ಜಡೆಗೆ ಕಿವಿಯಿಟ್ಟು ಗಂಗೆ ಹೇಗೆ ಹರಿಯುತ್ತಾಳೆಂದು ಕೇಳುತ್ತಾನೆ. ಕೇಳಿದ್ದನ್ನೇ ಮತ್ತೆ ಕೇಳುತ್ತಾನೆ. ಅವನ ಮೇಲೆ ಸಿಟ್ಟಾಗಬೇಡ ತಂದೆ, ಸಿಟ್ಟಾಗುವ ಕೆಲಸವನ್ನು ನಾನು ಮಾಡಿ ಮುಗಿಸಿದ್ದೇನೆ. ಅವನಿಗೆ ನಿನ್ನ ಪಾದದ ಹತ್ತಿರ ಒಂದಿಷ್ಟು ಜಾಗ ಕೊಡು. ಅಲ್ಲಿ ಅವನ ಜೀವ ತಣ್ಣಗಿರಲಿ. ಅವನಿಗೆ ಶಾಂತಿ ಸಿಗಲಿ.